ಕಡಲ ಏರಿಯ ಮೇಲೆ ಅಪ್ಪನ ಸಲಿಕೆ

ಸ್ಟೇನ್‌ಮೊಂಡ್ ಊರಿನೆದುರಿನ ಪಾಳೆಯ
೧೫೭೩, ಸೆಪ್ಟೆಂಬರ್ ೩

ಅಕ್ಕಾ,

ಈ ಕಾಗದ ತಂದವನಿಗೆ ಒಂದು ಲೋಟ ಬಿಯರ್ ಕೊಡು. ಎರಡನೆಯದು ಕೊಡಬೇಡ, ಹಾಡಲು ಶುರುಮಾಡುತ್ತಾನೆ.

ಸುದ್ದಿ ಏನೆಂದರೆ ನಿನ್ನ ತಮ್ಮ ಈಗ ಕರ್ನಲ್. ಸ್ಪೇನಿನಿಂದ, ನಮ್ಮನ್ನಾಳುವ ರಾಜರ ಮೊಹರಿನ ಕಾಗದ ಬಂದಿದೆ. ಬ್ರಸೆಲ್ಸ್ ಅರಮನೆಯಲ್ಲಿ ಹಳೆಯ ಚಕ್ರವರ್ತಿಗಳು ಊಟ ಮಾಡುವಾಗ ಕೈತೊಳೆಯುವ ನೀರು ಹಿಡಿದು ನಿಲ್ಲುತ್ತಿದ್ದವನು, ಫ್ರಾನ್ಸಿನ ಗಡಿಯಲ್ಲಿ ಕಾಲಿಗೆ ಗುಂಡು ತಿಂದವನು, ಹಾಳು ಕೋಟೆಯೊಂದರಲ್ಲಿ ಇಲಿಗಳ ಜೊತೆ ಚಳಿಗಾಲ ಕಳೆದವನು ಕೊನೆಗೂ ಒಂದು ರೆಜಿಮೆಂಟಿನ ಯಜಮಾನನಾಗಿದ್ದೇನೆ. ಅಪ್ಪ ಇದ್ದಿದ್ದರೆ, "ಆಯ್ತಪ್ಪಾ, ಹಸುಗಳಿಗೆ ಮೇವು ಹಾಕ್ದ್ಯಾ?" ಅನ್ನುತ್ತಿದ್ದರು. ನೀನಾದರೂ ಸ್ವಲ್ಪ ಖುಷಿಪಡು.

ಸ್ಟೇನ್‌ಮೊಂಡಿನವರು ರಾಜರಿಗೆ ತಿರುಗಿಬಿದ್ದು ಬಾಗಿಲು ಹಾಕಿಕೊಂಡಿದ್ದಾರೆ. ಸುತ್ತ ನಾವು ಕೂತಿದ್ದೇವೆ. ನಮ್ಮ ಮನೆಯಿಂದ ಅರ್ಧ ದಿನದ ದಾರಿಯಲ್ಲಿ, ನಾವು ಸಂತೆಗೆ ಬರುತ್ತಿದ್ದ ಊರಿಗೇ ಫಿರಂಗಿ ಗುರಿಯಿಟ್ಟು ಕೂತಿರುವುದು ಒಂಥರಾ ಅನ್ನಿಸುತ್ತದೆ. ನಮ್ಮದು ಹಸುಗಳ ನಾಡು ಅಂತ ಸ್ಪೇನಿನ ಅಧಿಕಾರಿಗಳು ನನ್ನನ್ನು ಬೆಣ್ಣೆ ಸಾಹೇಬ ಅಂತ ಕರೆಯುತ್ತಾರೆ. ಮೊನ್ನೆ ಒಬ್ಬ, "ಏನ್ ಬೆಣ್ಣೆ ಸಾಹೇಬ್ರೇ, ನಿಮ್ಮೋರು ಕೋಟೆ ಗೋಡೇನೂ ಬೆಣ್ಣೇಲೇ ಕಟ್ಟಿದಾರಾ?" ಅಂದ. "ಬೆಣ್ಣೇದಾಗಿದ್ರೆ ನೀವು ಇಷ್ಟೊತ್ತಿಗೆ ಒಳಗಿರ್ಬೇಕಿತ್ತಲ್ಲ ಸ್ವಾಮಿ" ಅಂದೆ. ಎಲ್ಲರೂ ನಕ್ಕರು. ಇಲ್ಲಿ ಎಲ್ಲರಿಗೂ ನನ್ನ ಮೇಲೆ ಒಳ್ಳೆಯ ನಂಬಿಕೆಯಿದೆ.

ಉಣ್ಣೆಯ ಕಾಲುಚೀಲ ಹೆಣೆದು ಕಳಿಸು. ಸಾಧ್ಯವಾದರೆ ಒಂದು ದೊಡ್ಡ ಚೀಸೂ ಇರಲಿ.

ನಿನ್ನ ತಮ್ಮ
ವೋಲ್ಫರ್ಟ್

*

ಓಸ್ಟರ್ವಾರ್ಡ್ ಮನೆ
ಸೆಪ್ಟೆಂಬರ್ ೧೨

ವೋಲ್ಫರ್ಟ್,

ನಿನ್ನ ಟಪಾಲಿನವನು ಒಂದೇ ಲೋಟಕ್ಕೆ ಹಾಡಿದ. ಕರ್ನಲ್ ಸಾಹೇಬರಿಗೆ ಅಷ್ಟೂ ಗೊತ್ತಿಲ್ಲ.

ಖುಷಿಯಾಯಿತು ಕಣೋ. ನಿಜವಾಗಿ ಆಯಿತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಗಟ್ಟಿಯಾಗಿ ಓದಿಕೊಂಡೆ. ಊರಲ್ಲಿ ಮಾತ್ರ ಯಾರಿಗೂ ಹೇಳಿಲ್ಲ. ರಾಜರ ಹೆಸರು ಕೇಳಿದರೆ ಇಲ್ಲಿ ಎಲ್ಲರಿಗೂ ಮೈ ಉರಿಯುತ್ತದೆ, ನಿನಗೇ ಗೊತ್ತು.

ಇಲ್ಲಿ ಎಲ್ಲ ಚೆನ್ನಾಗಿದೆ. ಹದಿನೈದು ದಿನದಿಂದ ಗಾಳಿ ಪಡುವಣದಿಂದಲೇ ಬೀಸುತ್ತಿದೆ ಅನ್ನುವುದೊಂದು ಬಿಟ್ಟರೆ. ಹಳೆ ಗಾಳಿಗಿರಣಿಯ ಹಿಂದೆ ಕಡಲು ತಡೆಯುವ ಮಣ್ಣಿನ ಏರಿ, ನಮ್ಮ ಪಾಲಿನದು, ಬೆವರುತ್ತಿದೆ. ಉಬ್ಬರ ಇಳಿದ ಮೇಲೂ ಒಳಮಗ್ಗುಲಿನ ಹುಲ್ಲು ಒದ್ದೆಯಾಗಿಯೇ ಇರುತ್ತದೆ. ಮೂರು ವರ್ಷದ ಹಿಂದೆ ಸರ್ವಸಂತರ ಹಬ್ಬದ ದಿನ ಕಡಲು ನುಗ್ಗಿದ್ದು ಅಲ್ಲಿಂದಲೇ, ಅಪ್ಪ ಹೋಗಿದ್ದೂ ಅಲ್ಲೇ. ಆಮೇಲೆ ತುಂಬಿಸಿದ ಮಣ್ಣು ಇನ್ನೂ ಕೂತಿಲ್ಲ. ಬೆಳಗ್ಗೆ ಎದ್ದವಳೇ ಮೊದಲು ಹೋಗಿ ಆ ಹುಲ್ಲು ಮುಟ್ಟಿ ನೋಡುತ್ತೇನೆ.

ಕೆಳಹೊಲದ ಯಾನ್ ಇನ್ನು ಏರಿ ಕಾಯಲಾರೆ ಅಂತ ಮೊನ್ನೆ ತನ್ನ ಪಾಲಿನ ಮೇಲೆ ಸಲಿಕೆ ನೆಟ್ಟುಬಿಟ್ಟ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹಿಂದೆ ತಿರುಗಿ ನೋಡದೆ ಹೋದ. ಇನ್ನು ಆ ಸಲಿಕೆ ಕಿತ್ತವನಿಗೆ ಅವನ ಮನೆ, ಹೊಲ, ಏರಿಯ ಭಾರ ಎಲ್ಲವೂ. ಎರಡು ದಿನ ಯಾರೂ ಮುಟ್ಟಲಿಲ್ಲ. ಕೊನೆಗೆ ಟೈಮನ್ ಕಿತ್ತ. ನಿನಗೆ ನೆನಪಿರಬೇಕು, ಪಕ್ಕದ ಹೊಲದ ಕೆಂಪು ಗಡ್ಡದವನು, ಬಾಯಿ ಜೋರು.

ಸಂತ ಮಾರ್ಟಿನ್ ಹಬ್ಬಕ್ಕೆ ಏರಿಯ ತಪಾಸಣೆ. ಒಡೆಯ, ಅಂದರೆ ಅಪ್ಪನ ನಂತರ ನೀನು, ತನ್ನ ಪಾಲಿನ ಮೇಲೆ ಸಲಿಕೆ ಹಿಡಿದು ನಿಂತು, ಹೆಸರು ಕೂಗಿದಾಗ ಓಗೊಡಬೇಕು. ಏರಿ ಯಜಮಾನ ರೋಮ್‌ಬೌಟ್ ಮುದುಕರು ಎರಡು ವರ್ಷ ನನ್ನ ಮುಖ ನೋಡಿ ಸುಮ್ಮನಾದರು. ಈ ಸಲ ಚರ್ಚಿನ ಮುಂದೆ ಟೈಮನ್ ಎಲ್ಲರಿಗೂ ಕೇಳುವ ಹಾಗೆ, "ಅಮ್ಮಾವ್ರೇ, ನಿಮ್ ತಮ್ಮ ರಾಜರ ಜಾಗ ಕಾಯ್ತಾರೆ, ಸರಿ. ನಮ್ ಜಾಗ ಯಾರು ಕಾಯೋದು? ಸ್ಪೇನಿನ ರಾಜ್ರು ಬಂದು ಮಣ್ಣು ಹೊರ್ತಾರಾ?" ಅಂದ. ನೀನು ಒಂದು ದಿನದ ಮಟ್ಟಿಗೆ ಬಂದು ಹೋಗು.

ಕಾಲುಚೀಲ ಕಳಿಸಿದ್ದೇನೆ. ಈ ವರ್ಷ ಚೀಸ್ ಕಡಿಮೆ. ಹೆಚ್ಚು ಕೇಳಬೇಡ.

ಆಲೈದ

*

ಪಾಳೆಯ
ಸೆಪ್ಟೆಂಬರ್ ೨೧

ಅಕ್ಕಾ,

ಕಾಲುಚೀಲ ಬೆಚ್ಚಗಿವೆ. ಎಡಗಾಲಿನದು ಸ್ವಲ್ಪ ಉದ್ದ. ಕುಂಟನ ಕಾಲನ್ನು ನೀನು ಚೆನ್ನಾಗಿಯೇ ನೆನಪಿಟ್ಟಿದ್ದೀಯ.

ಸ್ಟೇನ್‌ಮೊಂಡ್ ಬಗ್ಗುತ್ತಿಲ್ಲ. ಇಷ್ಟು ದಿನಕ್ಕೆ ಅವರು ಇಲಿ ತಿನ್ನುತ್ತಿರಬೇಕಿತ್ತು. ಆದರೆ ಮೊನ್ನೆ ಗೋಡೆಯ ಮೇಲೆ ನಿಂತು ನಮಗೆ ಕಾಣುವಂತೆ ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ತಿಂದರು. ನಮ್ಮ ಕಡೆಯ ತಗ್ಗುಭೂಮಿಯಿಂದ ಕಾಲುವೆಗಳಲ್ಲಿ ದೋಣಿ ಹೋಗುತ್ತಿವೆ ಅಂತ ಸೇನಾಪತಿಗಳಿಗೆ ವರದಿ ಬಂದಿದೆ. ನನ್ನನ್ನು ಕರೆಸಿದರು. ಕೂರಲು ಹೇಳಲಿಲ್ಲ. "ಕರ್ನಲ್, ಆ ದಂಡೇಲಿ ನಿಮ್ಮನೇನೂ ಇದೆಯಲ್ವಾ?" ಅಂದರು. ಇದೆ ಅಂದೆ. "ಯಾರಿದಾರೆ?" ಅಂದರು. ಅಕ್ಕ ಒಬ್ಬರೇ, ಹಸು ನೋಡಿಕೊಂಡಿದ್ದಾರೆ ಅಂದೆ. ಅವರು ಸುಮ್ಮನೆ ತಲೆಯಾಡಿಸಿದರು. ಆಮೇಲೆ ಹೊರಗೆ ಬಂದಾಗ ಯಾರೂ ಬೆಣ್ಣೆ ಸಾಹೇಬ ಅನ್ನಲಿಲ್ಲ. ತಮಾಷೆ ನಿಂತಿದ್ದು ನನಗೆ ಹಿಡಿಸಲಿಲ್ಲ.

ಅದಿರಲಿ. ಏರಿ ಬೆವರುತ್ತಿದೆ ಅಂದೆಯಲ್ಲ, ಗಿರಣಿಯಿಂದ ಯಾವ ಕಡೆಗೆ? ಎಷ್ಟು ಅಗಲ? ಹೊರಮೈಗೆ ಹಾಸಿದ ಹುಲ್ಲಿನ ಚಾಪೆ ಗಟ್ಟಿಯಾಗಿದೆಯೋ ಹೋಗಿದೆಯೋ? ಬರೆದು ತಿಳಿಸು.

ಇನ್ನೊಂದು ಮಾತು. ಚಳಿಗಾಲಕ್ಕೆ ಉತ್ರೆಖ್ತಿನ ಚಿಕ್ಕಮ್ಮನ ಮನೆಗೆ ಹೋಗಿಬಿಡು. ಅವರಿಗೂ ವಯಸ್ಸಾಯಿತು, ಜೊತೆಯಾಗುತ್ತದೆ. ಅಕ್ಟೋಬರ್ ಮಧ್ಯದೊಳಗೆ ಹೊರಡು.

ವೋಲ್ಫರ್ಟ್

*

ಓಸ್ಟರ್ವಾರ್ಡ್
ಸೆಪ್ಟೆಂಬರ್ ೨೯

ನನ್ನ ತಮ್ಮನಿಗೆ,

ನಿನ್ನ ಕಾಗದ ಓದಿ ಅತ್ತೆ. ನಗಬೇಡ. ಇಷ್ಟು ವರ್ಷದಲ್ಲಿ ನೀನು ಏರಿಯ ಬಗ್ಗೆ ಒಂದು ಮಾತು ಕೇಳಿದ್ದು ಇದೇ ಮೊದಲು. ಬರಬೇಕು ಅಂತ ಮನಸ್ಸು ಮಾಡಿದ್ದೀಯ ಅಂತ ಅಷ್ಟಕ್ಕೇ ಗೊತ್ತಾಯಿತು.

ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತೇನೆ. ಗಿರಣಿಯಿಂದ ತೆಂಕಣಕ್ಕೆ, ಬಾಗಿದ ವಿಲೋ ಮರದಿಂದ ಹಳೆ ತೂಬಿನವರೆಗೆ. ಅಷ್ಟುದ್ದಕ್ಕೂ ಹುಲ್ಲಿನ ಚಾಪೆ ಕೊಳೆತಿದೆ, ಕೈ ಹಾಕಿದರೆ ಕಿತ್ತುಬರುತ್ತದೆ. ಒಳಗಿನ ಮಣ್ಣು ಮರಳು ಮಿಶ್ರ. ತೂಬಿನ ಪಕ್ಕದಲ್ಲಿ ಕೋಲು ಚುಚ್ಚಿದರೆ ನನ್ನ ಮೊಣಕೈಯಷ್ಟು ಆಳಕ್ಕೆ ಸಲೀಸಾಗಿ ಹೋಗುತ್ತದೆ. ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೆ ಮುಂಚೆ ಅಲ್ಲಿ ಜೇಡಿಮಣ್ಣು ತುಂಬಿಸಿದರೆ ಉಳಿದದ್ದನ್ನು ವಸಂತದವರೆಗೆ ತಳ್ಳಬಹುದು.

ನೀನು ಬರುವ ಸುದ್ದಿಯನ್ನು ರೋಮ್‌ಬೌಟರಿಗೆ ಹೇಳಿದೆ. ಮುದುಕರು ಟೊಪ್ಪಿ ತಿರುವುತ್ತಾ, "ಬರ್ತಾರಾ? ದಿಟವಾಗ್ಲೂ?" ಅಂತ ಎರಡು ಸಲ ಕೇಳಿದರು. ಮಾರನೇ ದಿನ ಟೈಮನ್ ಗಾಡಿ ತುಂಬ ಜೇಡಿಮಣ್ಣು ತಂದು ಸುರಿದ. "ನಿಮಗೋಸ್ಕರ ಅಲ್ಲ ಅಮ್ಮಾವ್ರೇ, ನೀರು ಬಂದ್ರೆ ನನ್ ಹೊಲಾನೂ ಬಿಡಲ್ಲ" ಅಂದ. ಆದರೂ ತಂದ. ಆಳುಗಳೂ ನಾನೂ ದಿನಾ ಸ್ವಲ್ಪ ಸ್ವಲ್ಪ ಹಾಕುತ್ತಿದ್ದೇವೆ. ಅಪ್ಪನ ಸಲಿಕೆ ಹೊರಗೆ ತೆಗೆದಿದ್ದೇನೆ. ಹಿಡಿಯಲ್ಲಿ ಅವರ ಹೆಬ್ಬೆರಳಿನ ಜಾಗ ಹಾಗೇ ಸವೆದಿದೆ.

ಉತ್ರೆಖ್ತಿಗೆ ಯಾಕೆ ಹೋಗಲಿ? ಹಸುಗಳನ್ನು ಚಿಕ್ಕಮ್ಮನ ಹಜಾರದಲ್ಲಿ ಕಟ್ಟಲೇ? ನೀನು ಬರುವಾಗ ಮನೆಯಲ್ಲಿ ಒಲೆ ಉರಿಯುತ್ತಿರಬೇಕು.

ಬರುವ ದಿನ ತಿಳಿಸು.

ಆಲೈದ

*

ಪಾಳೆಯ
ಅಕ್ಟೋಬರ್ ೭

ಅಕ್ಕಾ,

ನಾನು ಬರುತ್ತೇನೆ ಅಂತ ಬರೆದಿರಲಿಲ್ಲ. ಊರವರಿಗೆ ಹಾಗೆ ಹೇಳಬೇಡ. ಹೇಳಿದ್ದರೆ ಅಲ್ಲ ಅನ್ನು.

ಟೈಮನ್ ತಂದ ಮಣ್ಣು ಹಾಗೇ ಇರಲಿ. ಹಾಕುವುದನ್ನು ನಿಲ್ಲಿಸು.

ಅಮಾವಾಸ್ಯೆಗೆ ಮುಂಚೆ ಹೊರಡು. ಹಸುಗಳನ್ನು ಚರ್ಚಿನ ದಿಬ್ಬಕ್ಕೆ ಹೊಡೆಸು. ಅಮ್ಮನ ಬಟ್ಟೆಯ ಪೆಟ್ಟಿಗೆಯನ್ನೂ ಅಪ್ಪನ ಚಿತ್ರಪಟವನ್ನೂ ಜೊತೆಗೆ ಒಯ್ಯಿ. ಗಿರಣಿಯ ಹಿಂದಿನ ತಗ್ಗಿನಲ್ಲಿ ಈಗ ಯಾರಾದರೂ ಮನೆ ಮಾಡಿಕೊಂಡಿದ್ದಾರೆಯೇ? ಇದ್ದರೆ ಏನಾದರೂ ನೆಪ ಹೇಳಿ ಅವರನ್ನೂ ಎಬ್ಬಿಸು.

ಇಲ್ಲಿಗೆ ಇಟಲಿಯಿಂದ ಒಬ್ಬ ಇಂಜಿನಿಯರ್ ಬಂದಿದ್ದಾನೆ. ಮೇಜಿನ ತುಂಬ ನಕ್ಷೆ ಹರಡಿಕೊಂಡು ಕೂರುತ್ತಾನೆ. ಸೇನಾಪತಿಗಳು ನನ್ನನ್ನು ಮತ್ತೆ ಕೂರಿಸಿ ಮಾತಾಡಿಸುತ್ತಿದ್ದಾರೆ. ಊಟಕ್ಕೂ ಕರೆಯುತ್ತಾರೆ. ಬ್ರೆಡ್ಡು ಮುರಿದು ತಟ್ಟೆಯಲ್ಲೇ ಬಿಟ್ಟು ಏಳುತ್ತೇನೆ.

ನಾನು ಆಣೆ ಮಾಡಿದವನು ಅಕ್ಕಾ. ಇದಕ್ಕಿಂತ ಹೆಚ್ಚು ಬರೆಯಲಾರೆ.

ವೋ.

*

ಉತ್ರೆಖ್ತ್, ಚಿಕ್ಕಮ್ಮನ ಮನೆ
ಅಕ್ಟೋಬರ್ ೧೬

ವೋಲ್ಫರ್ಟ್,

ನೀನು ಹೇಳಿದಂತೆ ಹೊರಟುಬಂದೆ. ನೀನು ಹೇಳಿದ ರೀತಿಯಲ್ಲಿ ಅಲ್ಲ.

ನಿನ್ನ ಕಾಗದವನ್ನು ದನದ ಕೊಟ್ಟಿಗೆಯಲ್ಲಿ ನಿಂತು ಓದಿದೆ. ಗಿರಣಿಯ ಹಿಂದೆ ಯಾರಾದರೂ ಇದ್ದಾರೆಯೇ ಅಂತ ಕೇಳಿದ್ದೀಯಲ್ಲ, ಅಲ್ಲಿಗೆ ನನಗೆ ಎಲ್ಲ ಅರ್ಥವಾಯಿತು. ಏರಿ ಎಲ್ಲಿ ಮೆತ್ತಗಿದೆ, ಕೋಲು ಎಲ್ಲಿಯವರೆಗೆ ಹೋಗುತ್ತದೆ ಅಂತ ಪೆದ್ದಿಯ ಹಾಗೆ ಒಂದೊಂದನ್ನೂ ಬರೆದು ಕಳಿಸಿದೆ. ನೀನು ಅದನ್ನು ಆ ಇಟಲಿಯವನ ಮೇಜಿನ ಮೇಲೆ ಇಟ್ಟೆ. ಕಡಲನ್ನು ಒಳಗೆ ಬಿಟ್ಟು ನಮ್ಮ ಹೊಲ ಮುಳುಗಿಸಿದರೆ ಸ್ಟೇನ್‌ಮೊಂಡಿಗೆ ಬೆಣ್ಣೆ ಹೋಗುವುದಿಲ್ಲ. ಲೆಕ್ಕ ಸರಿಯಾಗಿದೆ. ಬೆಣ್ಣೆ ಯಾರು ಕಳಿಸುತ್ತಿದ್ದರು ಅಂತಲೂ ಕೇಳಿಕೋ. ನಾನೇ. ಬೆಣ್ಣೆ, ಚೀಸ್ ಎರಡನ್ನೂ. ಆ ಊರಲ್ಲಿ ನನ್ನ ಜೊತೆ ಹೊಲಿಗೆ ಕಲಿತವರಿದ್ದಾರೆ, ಅವರಿಗೆ ಮಕ್ಕಳಿದ್ದಾರೆ. ನಿನ್ನ ವಿರುದ್ಧ ನಿಂತು ಕಳಿಸುತ್ತಿದ್ದೇನೆ ಅಂತ ನನಗೆ ಅನ್ನಿಸಲೇ ಇಲ್ಲ. ಹಸಿದವರಿಗೆ ಕಳಿಸುತ್ತಿದ್ದೇನೆ ಅನ್ನಿಸಿತ್ತು. ನಾನು ಮುಚ್ಚಿಟ್ಟಿದ್ದು ಇಷ್ಟು. ನೀನು ಮುಚ್ಚಿಟ್ಟಿದ್ದರ ಪಕ್ಕದಲ್ಲಿ ಇಟ್ಟು ನೋಡು.

ಊರಿಗೆ ಹೇಳಿದೆ. ಹೇಳದೆ ಹೇಗಿರಲಿ? ಟೈಮನ್ ಬೈಯುತ್ತಾನೆ ಅಂದುಕೊಂಡೆ. ಅವನು ನೆಲ ನೋಡಿಕೊಂಡು, "ನಿಮ್ಮನ್ನೇನೂ ಅನ್ನಲ್ಲ ಅಮ್ಮಾವ್ರೇ" ಅಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಮೇಲೆ ರೋಮ್‌ಬೌಟರನ್ನೂ ಇಬ್ಬರು ಸಾಕ್ಷಿಗಳನ್ನೂ ಕರೆದುಕೊಂಡು ಏರಿಗೆ ಹೋದೆ. ವಿಲೋ ಮರದ ಪಕ್ಕದಲ್ಲಿ ಮನೆತನದ ಪರವಾಗಿ ಅಪ್ಪನ ಸಲಿಕೆ ನೆಟ್ಟೆ. "ಅವ್ವಾ, ಇನ್ನೊಂದ್ ಸಲ ಯೋಚ್ನೆ ಮಾಡು" ಅಂದರು ಮುದುಕರು. ಯೋಚನೆ ಮಾಡಿಯೇ ನೆಟ್ಟಿದ್ದೇನೆ. ನೀನು ಕಡಿಯುವ ದಿನ ಅದು ನಮ್ಮ ಏರಿ ಆಗಿರಬಾರದು. ಅಪ್ಪ ಯಾವ ಮಣ್ಣಿನ ಮೇಲೆ ನಿಂತು ಸತ್ತರೋ ಅದನ್ನು ಅವರ ಮಗನೇ ಕಡಿದ ಅನ್ನಿಸಬಾರದು. ಈಗ ಮನೆ ಇಲ್ಲ, ಹೊಲ ಇಲ್ಲ, ಏರಿಯೂ ಇಲ್ಲ. ಆ ಕೊಳೆತ ಏರಿಯ ಸಲಿಕೆಯನ್ನು ಯಾರೂ ಕೀಳುವುದಿಲ್ಲ. ಪದ್ಧತಿಯಂತೆ ಉಟ್ಟ ಬಟ್ಟೆಯಲ್ಲಿ ಬಂದಿದ್ದೇನೆ. ಅಪ್ಪನ ಚಿತ್ರಪಟ ಗೋಡೆಯ ಮೇಲೇ ಇದೆ.

ನಿನ್ನ ಮೇಲೆ ನನಗಿರುವ ಸಿಟ್ಟನ್ನು ಬರೆಯಲು ನನಗೆ ಬರುವುದಿಲ್ಲ. ರಾತ್ರಿ ನಿದ್ದೆ ಹತ್ತದೆ, ಕಡಿಯುವಾಗ ನೀನು ಎಲ್ಲಿ ನಿಂತಿರುತ್ತೀಯೋ, ಕುಂಟುಕಾಲಿಗೆ ನೀರಿನಿಂದ ತಪ್ಪಿಸಿಕೊಳ್ಳಲು ಆಗುತ್ತದೋ ಇಲ್ಲವೋ ಅಂತ ಹೆದರಿಕೊಂಡಿರುತ್ತೇನೆ. ಅದಕ್ಕೂ ಸಿಟ್ಟು ಬರುತ್ತದೆ.

ಆಲೈದ

*

ಓಸ್ಟರ್ವಾರ್ಡ್, ನಿನ್ನ ಅಡುಗೆಮನೆ
ಅಕ್ಟೋಬರ್ ೨೭

ಅಕ್ಕಾ,

ನಿನ್ನ ಕಾಗದ ದಾರಿಯಲ್ಲಿ ಎಲ್ಲೆಲ್ಲೋ ಅಲೆದು ನಿನ್ನೆ ಸಂಜೆ ನನ್ನ ಕೈಸೇರಿತು. ನಾಲ್ಕು ದಿನ ಮುಂಚೆ ಸಿಕ್ಕಿದ್ದರೆ ಏನಾಗುತ್ತಿತ್ತೋ ದೇವರಿಗೇ ಗೊತ್ತು. ಏನಾಯಿತು ಅಂತ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಜನ ಬೇರೆ ಥರ ಹೇಳುತ್ತಾರೆ, ನಂಬಬೇಡ.

ಅಮಾವಾಸ್ಯೆಯ ಹಿಂದಿನ ಬೆಳಗ್ಗೆ, ನೀರು ಇಳಿದಿದ್ದಾಗ, ಇಂಜಿನಿಯರನನ್ನೂ ಅಗೆಯುವವರನ್ನೂ ನನ್ನ ಒಂದು ತುಕಡಿಯನ್ನೂ ಕರೆದುಕೊಂಡು ಬಂದೆ. ದಾರಿ ತೋರಿಸಿದವನು ನಾನೇ. ಏರಿಯುದ್ದಕ್ಕೂ ಊರವರು ನಿಂತಿದ್ದರು. ಕೈಯಲ್ಲಿ ಏನೂ ಇರಲಿಲ್ಲ. ಕಲ್ಲು ಹೊಡೆಯುತ್ತಾರೆ ಅಂದುಕೊಂಡಿದ್ದೆ. ಯಾರೂ ಅಲ್ಲಾಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಅದನ್ನು ತಡೆಯುವುದು ಕಷ್ಟವಾಯಿತು.

ವಿಲೋ ಮರದ ಹತ್ತಿರ ಬಂದಾಗ ಅಪ್ಪನ ಸಲಿಕೆ ಕಾಣಿಸಿತು. ದೂರದಿಂದಲೇ ಗುರುತು ಹಿಡಿದೆ. ನೀನು ಮಣ್ಣು ಹಾಕಿಸುತ್ತಿದ್ದೆಯಲ್ಲ, ಯಾರೋ ಆಳು ಹಸಿ ಮಣ್ಣಲ್ಲಿ ಮರೆತುಹೋಗಿದ್ದಾನೆ ಅಂದುಕೊಂಡೆ. ಸಲಿಕೆ ಹಾಗೆ ಬಿಟ್ಟರೆ ಅಪ್ಪ ಎಷ್ಟು ಬೈಯುತ್ತಿದ್ದರು. ಬೇರೆ ಏನೂ ನನ್ನ ತಲೆಯಲ್ಲಿ ಇರಲಿಲ್ಲ. ಯಾನ್ ನೆಟ್ಟ ಕಥೆ ನೀನೇ ಬರೆದಿದ್ದೆ. ಆದರೆ ನೀನು ನೆಡುತ್ತೀಯ ಅಂತ ನನ್ನ ಕನಸಿನಲ್ಲೂ ಬರುವಂತಿರಲಿಲ್ಲ. ಕುದುರೆ ಇಳಿದು ಸಲಿಕೆ ಕಿತ್ತೆ. ತೋಳಿಗೆ ಒರೆಸಿಕೊಂಡೆ.

ಆಗ ರೋಮ್‌ಬೌಟರು ಟೊಪ್ಪಿ ತೆಗೆದರು. ಒಬ್ಬರ ಹಿಂದೆ ಒಬ್ಬರು ಏರಿಯುದ್ದಕ್ಕೂ ತೆಗೆದರು. ಕೊನೆಗೆ ಟೈಮನ್ ಕೂಡ.

"ಎಲ್ರೂ ನೋಡಿದ್ರಾ?" ಅಂದರು ಮುದುಕರು.

"ನೋಡಿದ್ವಿ."

"ಯಜಮಾನ್ರೇ, ಅಮ್ಮಾವ್ರು ಬಿಟ್ಟುಹೋದ ಏರಿ ಈಗ ನಿಮ್ದಾಯ್ತು. ಚೆನ್ನಾಗಿ ನೋಡ್ಕೊಳ್ಳಿ" ಅಂದರು.

ಹಿಡಿಯ ಮೇಲೆ ಅಪ್ಪನ ಹೆಬ್ಬೆರಳಿನ ಗುಣಿಯಲ್ಲಿ ನನ್ನ ಹೆಬ್ಬೆರಳು ಕೂತಿತ್ತು. ಇಂಜಿನಿಯರ್ ನಗುತ್ತಾ, "ಕರ್ನಲ್, ಹಳ್ಳಿಯವರ ಆಟ ಮುಗೀತಾ? ನೀರು ಏರೋಕೆ ಮುಂಚೆ ಶುರುಮಾಡೋಣ" ಅಂದ. ನಾನು ಹೂಂ ಅನ್ನಬಹುದಿತ್ತು. ತಪ್ಪಿ ಕಿತ್ತೆ ಅಂತ ಸಲಿಕೆಯನ್ನು ವಾಪಸು ನೆಡಬಹುದಿತ್ತು. ಅಕ್ಕಾ, ನನಗೆ ರಾಜರು ಹುದ್ದೆ ಕೊಟ್ಟಾಗ ಪಾಳೆಯದಲ್ಲಿ ಬೇಕಾದಷ್ಟು ಜನ ಟೊಪ್ಪಿ ತೆಗೆದಿದ್ದಾರೆ. ನಮ್ಮೂರಿನವರು ತೆಗೆದದ್ದು ಅದೇ ಮೊದಲು, ಅದೂ ನಾನು ಅವರನ್ನು ಮುಳುಗಿಸಲು ಬಂದ ದಿನ. ನಾಚಿಕೆಯಿಂದ ಸತ್ತುಹೋದೆ.

"ಇದು ನನ್ನ ಪಾಲಿನ ಏರಿ. ಇಲ್ಲಿ ಕಡಿಯೋಕೆ ನಾನು ಬಿಡಲ್ಲ" ಅಂದೆ. ಅವನು ನನಗೆ ಹುಚ್ಚು ಹಿಡಿದಿದೆ ಅಂದುಕೊಂಡ. ನನ್ನ ತುಕಡಿಯವರೆಲ್ಲ ನಮ್ಮ ಕಡೆಯ ರೈತರ ಮಕ್ಕಳೇ. ಕೈಗೆ ಸಿಕ್ಕ ಬುಟ್ಟಿ ಹಿಡಿದು ಜೇಡಿ ಹೊರಲು ಶುರುಮಾಡಿದರು. ಇಂಜಿನಿಯರ್ ತನ್ನವರನ್ನು ಕರೆದುಕೊಂಡು ದೂರು ಹೇಳಲು ಹೋದ. ಮಾರನೇ ದಿನ ಉಬ್ಬರ ಬಂದಾಗ ತೂಬಿನ ಪಕ್ಕದಲ್ಲಿ ಏರಿ ಉಬ್ಬಿತು. ಟೈಮನ್ ಸೊಂಟದ ಮಟ್ಟದ ನೀರಲ್ಲಿ ನಿಂತು, "ಕರ್ನಲ್ ಸಾಹೇಬ್ರೇ, ಅದು ಕತ್ತಿಯಲ್ಲ, ಸಲಿಕೆ. ಹಂಗಲ್ಲ ಹಿಡಿಯೋದು" ಅಂತ ನನಗೆ ಕಲಿಸಿದ. ಏರಿ ನಿಂತಿತು.

ಸ್ಟೇನ್‌ಮೊಂಡಿನವರು ದೋಣಿ ಕಳಿಸಿದ್ದಾರೆ, ನಮ್ಮ ಕಡೆ ಬನ್ನಿ ಅಂತ. ನಾನು ಹೋಗಲಿಲ್ಲ. ಹುಡುಗರಲ್ಲಿ ಬೇಕಾದವರು ಹೋಗಲಿ ಅಂದೆ, ಎಲ್ಲರೂ ಹೋದರು. ನಾನು ರಾಜರಿಗೆ ತಿರುಗಿಬಿದ್ದಿಲ್ಲ ಅಕ್ಕಾ. ಆಣೆ ಮಾಡಿದ ಕೈ ಇದೇ, ಸಲಿಕೆ ಕಿತ್ತ ಕೈಯೂ ಇದೇ. ನಾಳೆ ಬೆಳಗ್ಗೆ ಪಾಳೆಯಕ್ಕೆ ಹೋಗಿ ಸೇನಾಪತಿಗಳ ಮುಂದೆ ಇದನ್ನೇ ಹೇಳುತ್ತೇನೆ. ಅವರು ಕೇಳುತ್ತಾರೋ ಇಲ್ಲವೋ ಗೊತ್ತಿಲ್ಲ. ಭಯವಾಗುತ್ತಿದೆ. ಯುದ್ಧದಲ್ಲಿ ಆಗುತ್ತಿದ್ದ ಭಯ ಬೇರೆ, ಇದು ಬೇರೆ.

ಮನೆಗೆ ಬಾ. ಏರಿ ನನ್ನದಾದರೆ ಮನೆಯೂ ನನ್ನದು, ನನ್ನದೆಲ್ಲ ನಿನ್ನದು. ಹಸುಗಳ ಹಾಲನ್ನು ಟೈಮನ್ ಹೆಂಡತಿ ಕರೆಯುತ್ತಿದ್ದಾಳೆ. ನಿನ್ನ ಕಾಗದವನ್ನು ಇಟಲಿಯವನ ಕೈಗೆ ಕೊಟ್ಟದ್ದು ನಾನೇ. ಕ್ಷಮಿಸು ಅಂತ ಎದುರಿಗೆ ಬಂದು ಕೇಳುವ ಆಸೆಯಿದೆ.

ವೋಲ್ಫರ್ಟ್

*

ಓಸ್ಟರ್ವಾರ್ಡ್
ನವೆಂಬರ್ ೧೧, ಸಂತ ಮಾರ್ಟಿನ್ ಹಬ್ಬ

ವೋಲ್ಫರ್ಟ್,

ಇದು ನಾನು ಬರೆಯುತ್ತಿರುವ ಮೂರನೇ ಕಾಗದ. ಮೊದಲ ಎರಡಕ್ಕೆ ಉತ್ತರ ಬಂದಿಲ್ಲ. ಅವರು ಮುತ್ತಿಗೆ ಎತ್ತಿಕೊಂಡು ಹೋಗಿದ್ದಾರೆ, ಪಾಳೆಯ ಇದ್ದಲ್ಲಿ ಈಗ ಕೆಸರಷ್ಟೇ ಇದೆ. ನಿನ್ನನ್ನು ಬ್ರಸೆಲ್ಸಿಗೆ ಒಯ್ದರು ಅಂತ ಒಬ್ಬ ಅನ್ನುತ್ತಾನೆ. ಹೊರಡುವ ಮುಂಚೆಯೇ ಮುಗಿಸಿದರು ಅಂತ ಇನ್ನೊಬ್ಬ. ಹಾಡುವ ಟಪಾಲಿನವನನ್ನು ಹುಡುಕಿಸಿ ಇದನ್ನು ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಲ್ಕು ಲೋಟ ಕೊಟ್ಟೆ. ಅವನು ಹಾಡಲಿಲ್ಲ.

ಇವತ್ತು ತಪಾಸಣೆ. ನಿನ್ನೆಯಿಂದ ನನಗೆ ಊಟ ಸೇರಿಲ್ಲ. ಮೂರು ಸಲ ಹೆಸರು ಕೂಗಿದಾಗ ಒಡೆಯ ಓಗೊಡದೆ, ಇದ್ದಾನೆ ಅಂತ ಅವನ ಪರವಾಗಿ ಯಾರೂ ಹೇಳದೆ ಹೋದರೆ ಅವನು ಸತ್ತ ಅಂತ ಲೆಕ್ಕ. ಏರಿ ಬೇರೆಯವರಿಗೆ ಹೋಗುತ್ತದೆ. ಏರಿ ಹೋದರೆ ಹೋಗಲಿ, ಆ ಮಾತು ದಾಖಲಾಗುವುದು ನನಗೆ ಬೇಡವಾಗಿತ್ತು.

ಅಪ್ಪನ ಸಲಿಕೆ ಹಿಡಿದು ವಿಲೋ ಮರದ ಹತ್ತಿರ ನಿಂತೆ. ಊರೆಲ್ಲ ಹಿಂದೆ ನಿಂತಿತ್ತು. ರೋಮ್‌ಬೌಟರು ಬಂದು ಕಾಲಿಂದ ಮಣ್ಣು ತುಳಿದು ನೋಡಿದರು. ಗಟ್ಟಿಯಾಗಿದೆ ಅಂತ ತಲೆಯಾಡಿಸಿದರು. ಆಮೇಲೆ, "ವೋಲ್ಫರ್ಟ್ ಫಾನ್ ಓಸ್ಟರ್ವಾರ್ಡ್" ಅಂತ ಕೂಗಿದರು.

ನನಗೆ ಬಾಯಿ ತೆರೆಯಲು ಆಗಲಿಲ್ಲ. ಇದ್ದಾನೆ ಅಂದರೆ ಸುಳ್ಳಾಗುತ್ತದೆಯೋ ಏನೋ ಅಂತ ಹೆದರಿದೆ. ಎರಡನೇ ಸಲ ಕೂಗಿದರು. ಆಗಲೂ ಆಗಲಿಲ್ಲ. ಮೂರನೇ ಸಲಕ್ಕೆ ಮುದುಕರ ದನಿಯೇ ನಡುಗಿತು.

"ಇದ್ದಾರೆ" ಅಂದ ಟೈಮನ್. ನನ್ನ ಹಿಂದಿನಿಂದ, ಚರ್ಚಿನ ಮುಂದೆ ಮಾತಾಡಿದ ಅದೇ ದೊಡ್ಡ ದನಿಯಲ್ಲಿ. "ಬರ್ಕೊಳ್ಳಿ ಯಜಮಾನ್ರೇ, ಇದ್ದಾರೆ."

ಆಮೇಲೆ ಏರಿಯುದ್ದಕ್ಕೂ ಒಬ್ಬೊಬ್ಬರೇ ಅಂದರು. ಇದ್ದಾರೆ, ಇದ್ದಾರೆ ಅಂತ. ರೋಮ್‌ಬೌಟರು ಬರೆದುಕೊಂಡು ಮುಂದಿನ ಪಾಲಿಗೆ ಹೋದರು.

ಊರಿಗೆ ಊರೇ ನಿನ್ನ ಪರವಾಗಿ ಮಾತು ಕೊಟ್ಟಿದೆ ಕಣೋ. ಅದು ನಿಜವೋ ಸುಳ್ಳೋ ನಮಗೆ ಯಾರಿಗೂ ಗೊತ್ತಿಲ್ಲ. ನೀನು ಕ್ಷಮೆ ಕೇಳುವುದು ಬೇಡ, ಏನೂ ಬೇಡ. ಒಂದು ಸಾಲು ಬರೆ.

ಆಲೈದ